ಎಣಿಸಿದರೆ ಮುಗಿಯಿತು

ಬಾಟ್ಲಿ ಖಾಲಿಯಾಗಿದೆ ಎಂಬ ಅನುಮಾನ ಹಲ್ಲುಜ್ಜುವ ಹೊತ್ತಿಗೇ ಅವನಿಗೆ ಜೋರಾಗುತ್ತಿತ್ತು. ಬಾಯಿ ತುಂಬ ನೊರೆ ಇದ್ದಾಗ ಯಾರಿಗೂ ಏನೂ ಹೇಳಲು ಬರುವುದಿಲ್ಲವಲ್ಲ, ಆ ಸಮಯ ನೋಡಿಕೊಂಡೇ ಅದು ಬರುತ್ತಿತ್ತು. ಕನ್ನಡಿಯಲ್ಲಿ ಕಂಡ ಮುಖ ಕಳ್ಳನ ಮುಖವಾಗಿರಲಿಲ್ಲ. ಕಳ್ಳನಾಗಿದ್ದರೆ ಕದ್ದದ್ದು ಏನು ಎಂದಾದರೂ ಗೊತ್ತಿರುತ್ತಿತ್ತು. ಹಿಂದಿನ ತಿಂಗಳ ಒಂದು ಮಧ್ಯಾಹ್ನದಿಂದ ಈಚೆಗೆ ತಾನು ಕಾಯುತ್ತಿರುವುದು ಜಗತ್ತಿನಲ್ಲೇ ಅಪರೂಪದ ವಸ್ತುವನ್ನೋ ಇಲ್ಲ ಬರೀ ಗಾಳಿಯನ್ನೋ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗಾಳಿಯನ್ನೂ ಅಲ್ಲ, ಗಾಳಿಯನ್ನು ಅವನೇ ಪಂಪು ಹಾಕಿ ಹೊರಗೆ ಎಳೆದಿದ್ದ. ಒಳಗೆ ಅದೂ ಇರಲಿಲ್ಲ. ಅವನು ಮುಕ್ಕಳಿಸಿ ಉಗಿದ. ಇವತ್ತು ಸೇನೆಯ ದೊಡ್ಡ ಅಧಿಕಾರಿ ಬರುತ್ತಾನೆ, ಅವನ ಎದುರಿಗೇ ಬಾಟ್ಲಿ ತೆಗೆದು ಎಣಿಸಿ ತೋರಿಸಬೇಕು ಎಂದು ನಿರ್ದೇಶಕಿ ಹೇಳಿದ್ದಳು. ಎಣಿಸಿದಾಗ ಸೊನ್ನೆ ಬಂದರೆ ಬಾಟ್ಲಿಯ ವಿಭಾಗಕ್ಕೆ ಬೀಗ, ಅವನ ಮುಖಕ್ಕೆ ಮಸಿ.

"ಈ ಶರ್ಟ್ ಹಾಕ್ಕೊಳ್ಳಿ, ದೊಡ್ಡೋರು ಬರ್ತಾರೆ ಅಂದ್ರಿ," ಎಂದು ಹೆಂಡತಿ ಇಸ್ತ್ರಿ ಮಾಡಿದ್ದನ್ನು ಹಿಡಿದು ನಿಂತಳು.

"ಬರೋರು ಬಾಟ್ಲಿ ನೋಡೋಕೆ ಬರ್ತಾರೆ. ನನ್ನನ್ನಲ್ಲ."

"ಅದರಲ್ಲಿರೋದು ಕಣ್ಣಿಗೆ ಕಾಣಲ್ಲ ಅಂತೀರಿ. ಮತ್ತೆ ಅಷ್ಟು ದೂರದಿಂದ ಬಂದೋರು ಏನು ನೋಡ್ಬೇಕು? ನಿಮ್ಮನ್ನೇ ನೋಡ್ಬೇಕು."

ಊಟದ ಮೇಜಿನ ಹತ್ತಿರ ಕೂತಿದ್ದ ಅವಳ ತಮ್ಮ ಕಿಸಕ್ಕೆಂದ. ಮನೆಯ ಮೇಲೆ ಕೂರಿಸುವ ನೀರಿನ ಟ್ಯಾಂಕು ಮಾರುವವನು ಅವನು. ಕಪ್ಪು, ಬಿಳಿ, ನೀಲಿ, ಎಲ್ಲ ಬಣ್ಣದ್ದೂ ಇಟ್ಟಿದ್ದ. ಕೆಲಸದ ಮೇಲೆ ಈ ಕಡೆ ಬಂದಾಗಲೆಲ್ಲ ಅಕ್ಕನ ಮನೆಯಲ್ಲಿ ತಿಂಡಿ, ಭಾವನ ಮೇಲೆ ಸವಾರಿ. "ಭಾವ, ನಾವು ಟ್ಯಾಂಕಲ್ಲಿ ನೀರಿದೆಯೋ ಇಲ್ಲವೋ ಅಂತ ಕೈಯಲ್ಲಿ ತಟ್ಟಿ ನೋಡ್ತೀವಿ. ನೀವು ಏನು ಮಾಡ್ತೀರಿ?"

"ತಟ್ಟೋ ಕೈ ಕೊಡು, ತೋರಿಸ್ತೀನಿ," ಎಂದು ಅವನು ಗದರಿದ. ಮೈದುನ ನಗುತ್ತಲೇ ತಟ್ಟೆಗೆ ಇನ್ನೊಂದು ಸುತ್ತು ಬಡಿಸಿಕೊಂಡ. ಆದರೆ ಪ್ರಶ್ನೆ ಚಪ್ಪಲಿ ಹಾಕಿಕೊಂಡು ಅವನ ಜೊತೆಗೇ ಬೀದಿಗೆ ಇಳಿಯಿತು. ತಟ್ಟಿ ನೋಡಲು ಬರುವುದಿಲ್ಲ. ಇಣುಕಿ ನೋಡಲು ಬರುವುದಿಲ್ಲ. ತೂಗಿ ನೋಡಲಂತೂ ಕೇಳಲೇಬೇಡಿ. ಬಾಟ್ಲಿ ಎಂದು ಎಲ್ಲರೂ ಕರೆಯುವುದು ನಿಜವಾಗಿ ಒಂದು ಉಕ್ಕಿನ ಕೊಳವೆ. ಅದರ ಸುತ್ತ ಹಂಡೆಯಷ್ಟು ದಪ್ಪದ ಅಯಸ್ಕಾಂತ, ಒಳಗೆ ಸಾಲಾಗಿ ಜೋಡಿಸಿದ ಲೋಹದ ಬಳೆಗಳು, ಬಳೆಗಳಿಗೆ ಬಿಡದೆ ಹರಿಯುವ ವಿದ್ಯುತ್ತು. ಆ ಬಳೆಗಳ ನಡುವೆ, ಯಾವ ಗೋಡೆಗೂ ತಾಗದೆ, ತೂಗಿಬಿಟ್ಟ ಮಂಜಿನ ಹಾಗೆ ಪ್ರತಿದ್ರವ್ಯ ನಿಂತಿರಬೇಕು. ನಮ್ಮ ವಸ್ತುವಿನ ತದ್ವಿರುದ್ಧ ಅವಳಿ ಅದು. ಗೋಡೆಗೆ ತಾಗಿದರೆ ಅದೂ ಇಲ್ಲ, ಅದಕ್ಕೆ ತಾಗಿದ ಚೂರು ಗೋಡೆಯೂ ಇಲ್ಲ, ಒಂದು ಮಿಂಚು ಅಷ್ಟೆ. ಎಷ್ಟಿದೆ ಎಂದು ಸರಿಯಾಗಿ ತಿಳಿಯಬೇಕಾದರೆ ಒಂದು ಗುಂಡಿ ಒತ್ತಿ ಬಳೆಯ ಬಾಗಿಲು ತೆರೆಯಬೇಕು. ಒಳಗಿನ ಕಣಗಳಷ್ಟೂ ಹೋಗಿ ತುದಿಯ ತಗಡಿಗೆ ಬಡಿದು ಸಾಯುತ್ತವೆ, ಸಾಯುವಾಗ ಹೊಮ್ಮುವ ಮಿಂಚನ್ನು ಯಂತ್ರ ಎಣಿಸುತ್ತದೆ. ಸತ್ತವರನ್ನು ಎಣಿಸಿ ಬದುಕಿದ್ದವರೆಷ್ಟು ಎಂದು ಹೇಳುವ ಲೆಕ್ಕ. ಲೆಕ್ಕ ಸಿಕ್ಕಿತೋ, ಬಾಟ್ಲಿ ಖಾಲಿ. ಮುಟ್ಟದೆ ಕಿವಿಗೊಟ್ಟು ಕೇಳುವ ಉಪಕರಣ ಒಂದಿತ್ತು. ಅದು ಕೆಟ್ಟು, ಪೆಟ್ಟಿಗೆ ಸಮೇತ ರಿಪೇರಿಗೆ ಹೋದದ್ದು ತಿರುಗಿ ಬಂದಿರಲಿಲ್ಲ.

ಅಪ್ಪ ಕಾಯಿಲೆ ಬಿದ್ದಾಗ ಡಾಕ್ಟರು ನಿದ್ದೆ ಮಾಡಿಸಿ ಎಂದಿದ್ದರು. ಅಮ್ಮ ಪಕ್ಕದಲ್ಲೇ ಕೂತು, ಸ್ವಲ್ಪ ಹೊತ್ತಿಗೊಮ್ಮೆ ಬಗ್ಗಿ, "ಏನೂಂದ್ರೆ, ನಿದ್ದೆ ಹತ್ತಿತಾ?" ಎಂದು ಕೇಳುತ್ತಿದ್ದಳು. ಅಪ್ಪ ಕಣ್ಣು ಬಿಡದೆಯೇ, "ಹತ್ತಿತ್ತು ಕಣೆ," ಎನ್ನುತ್ತಿದ್ದ. ಹತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತ ಅವನಿಗೆ ನಗು ಬಂತು, ಪಕ್ಕದಲ್ಲಿ ಸ್ಕೂಟರಿನ ಮೇಲೆ ಕೂತ ಹೆಂಗಸು ತನ್ನನ್ನು ನೋಡಿಯೇ ನಕ್ಕನೆಂದು ಮುಖ ತಿರುಗಿಸಿದಳು, ನಗು ಅಲ್ಲಿಗೇ ಸತ್ತಿತು. ಎಲ್ಲ ಆ ಕೆಟಲಿನಿಂದ. ಯುಪಿಎಸ್‌ನ ಪ್ಲಗ್ಗಿಗೆ ಬಾಟ್ಲಿಯ ತಂತಿಯನ್ನು ಬಿಟ್ಟರೆ ಬೇರೆ ಏನನ್ನೂ ಹಾಕಕೂಡದು ಎಂದು ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿದವನು ಅವನೇ. ಫ್ಯಾನು ಹಾಕಲು ಬಂದ ಜೂನಿಯರನ್ನು ಮಾನ ಹೋಗುವ ಹಾಗೆ ಬೈದವನೂ ಅವನೇ. ಆ ಮಧ್ಯಾಹ್ನ ಬೇರೆ ಪ್ಲಗ್ಗುಗಳಲ್ಲಿ ಕರೆಂಟಿರಲಿಲ್ಲ, ತಲೆ ಸಿಡಿಯುತ್ತಿತ್ತು, ಚಹಾ ಬೇಕಿತ್ತು. ಕೆಟಲಿನ ತಂತಿಯನ್ನು ಅಲ್ಲಿಗೆ ಸಿಕ್ಕಿಸಿದ. ನೀರು ಗುಂಯ್‌ಗುಡಲು ಶುರುವಾದಾಗ ಬಾಟ್ಲಿಯ ಕರೆಂಟು ತೋರಿಸುವ ಮೀಟರಿನ ಮುಳ್ಳು ಒಮ್ಮೆ ತಲೆ ಬಗ್ಗಿಸಿ ಎದ್ದ ಹಾಗೆ ಕಂಡಿತು. ಕಂಡಿತೋ, ಅವನೇ ಕಣ್ಣು ಮಿಟುಕಿಸಿದನೋ. ಮುಳ್ಳು ಪೂರ್ತಿ ಬಿದ್ದಿದ್ದರೆ ಬಾಗಿಲು ತೆರೆದ ಹಾಗೆ, ಅಷ್ಟೂ ಹೋಯಿತು. ಅರ್ಧ ಬಿದ್ದಿದ್ದರೆ ಏನೂ ಆಗಿಲ್ಲ. ಅವನು ಕೆಟಲನ್ನು ಕಿತ್ತು, ಅರೆಬಿಸಿ ನೀರಿನಲ್ಲಿ ಚಹಾ ಪುಡಿ ಕದಡಿ ಕುಡಿದಿದ್ದ. ಅಷ್ಟು ಕೆಟ್ಟ ಚಹಾ ಅವನು ಜನ್ಮದಲ್ಲಿ ಕುಡಿದಿರಲಿಲ್ಲ. ಮರುದಿನ ಹೇಳೋಣ ಎಂದುಕೊಂಡ. ಮರುದಿನ ನಿರ್ದೇಶಕಿ, ಇಷ್ಟು ಕಾಲ ಇಷ್ಟನ್ನು ಯಾರೂ ಹಿಡಿದಿಟ್ಟಿಲ್ಲ ಎಂದು ಎಲ್ಲರೆದುರು ಅವನ ಹೆಸರೆತ್ತಿ ಚಪ್ಪಾಳೆ ತಟ್ಟಿಸಿದಳು. ಚಪ್ಪಾಳೆಯ ನಡುವೆ ಎದ್ದು ನಿಂತು ಕೆಟಲಿನ ಮಾತು ಆಡುವ ಗಂಡಸು ಎಲ್ಲಿದ್ದಾನೆ?

ನಿರ್ದೇಶಕಿ ಒಂದು ಕಾಲದಲ್ಲಿ ಅವನ ಹತ್ತಿರ ಪಾಠ ಕೇಳಿದವಳು. ಈಗಲೂ ಮೇಷ್ಟ್ರೇ ಎಂದೇ ಕರೆಯುತ್ತಾಳೆ. ಆ ಒಂದು ಶಬ್ದದಲ್ಲಿ ಗೌರವವೂ ಇತ್ತು, ಮೇಷ್ಟ್ರು ಮೇಷ್ಟ್ರಾಗಿಯೇ ಉಳಿದರು ಎಂಬ ಸಣ್ಣ ಚುಚ್ಚೂ ಇತ್ತು. ಸಂಸ್ಥೆಯ ಉಳಿದವರು ಇನ್ನೊಂದು ಪದ ಸೇರಿಸಿ ಬಾಟ್ಲಿ ಮೇಷ್ಟ್ರು ಎನ್ನುತ್ತಿದ್ದರು, ಹೊಸದಾಗಿ ಬಂದವರು ಅವನಿಗೆ ಕುಡಿಯುವ ಚಟವಿದೆ ಎಂದೇ ತಿಳಿಯುತ್ತಿದ್ದರು.

"ಮೇಷ್ಟ್ರೇ, ಒಂದು ಮಾತು," ಎಂದು ಅವಳು ಬಾಗಿಲಲ್ಲೇ ಹಿಡಿದಳು. "ಅವರು ಬಾಂಬ್ ಆಗುತ್ತಾ ಅಂತ ಕೇಳ್ತಾರೆ."

"ಆಗಲ್ಲ ಅಂತೀನಿ."

"ಅದು ಗೊತ್ತು. ಆಗಲ್ಲ ಅನ್ನೋದರಲ್ಲೂ ಬೇರೆ ಬೇರೆ ಥರ ಇರುತ್ತೆ. ಬಾಗಿಲು ಹಾಕಿದ ಹಾಗೆ ಹೇಳಬೇಡಿ, ಸ್ವಲ್ಪ ಓರೆ ಮಾಡಿ ಹೇಳಿ. ಅವರು ದುಡ್ಡು ನಿಲ್ಲಿಸಿದ್ರೆ ಮುಂದಿನ ವರ್ಷ ಈ ರೂಮಲ್ಲಿ ಹಳೇ ಕುರ್ಚಿ ಪೇರಿಸ್ತಾರೆ."

"ನಾನು ಸುಳ್ಳು ಹೇಳಲ್ಲಮ್ಮ."

"ಸುಳ್ಳು ಯಾರು ಹೇಳಿ ಅಂದ್ರು? ನಿಜವನ್ನೇ ಒಂಚೂರು ಕಡಿಮೆ ಹೇಳಿ."

ಅವನಿಗೆ ಕಿವಿ ಬಿಸಿಯಾಯಿತು. ಅವಳು ಹೇಳಿದ್ದಕ್ಕಲ್ಲ, ಅವಳು ಹೇಳಿಕೊಡುವ ಮೊದಲೇ ಆ ವಿದ್ಯೆ ತನಗೆ ಕರಗತವಾಗಿದ್ದಕ್ಕೆ.

ಸೇನಾಧಿಕಾರಿ ಬಂದ. ಕಲ್ಲಿನ ಕಂಬದ ಹಾಗಿರುತ್ತಾನೆ ಎಂದುಕೊಂಡಿದ್ದರೆ, ಮಂಡಿ ನೋವಿನಿಂದ ಒಂದು ಕಾಲನ್ನು ಜೋಪಾನವಾಗಿ ಇಡುವ, ನಿದ್ದೆಗೆಟ್ಟ ಕಣ್ಣಿನ ಮನುಷ್ಯ. ಹಿಂದೆ ಇಬ್ಬರು ಸಹಾಯಕರು. ಬಾಟ್ಲಿಯ ಕೋಣೆಯ ಹೊರಗೆ ಒಂದು ತಟ್ಟೆ ಇಟ್ಟಿತ್ತು. ಅಯಸ್ಕಾಂತ ಎಳೆಯುತ್ತದೆ, ಕಬ್ಬಿಣ ಇದ್ದದ್ದೆಲ್ಲ ಇಲ್ಲಿ ಹಾಕಿ ಎಂದು ನಿರ್ದೇಶಕಿ ನಗುನಗುತ್ತಾ ಹೇಳಿದಳು. ಗಡಿಯಾರ, ಬೀಗದ ಕೈ, ಪೆನ್ನು, ಎದೆಯ ಮೇಲಿನ ಪದಕಗಳು ಒಂದೊಂದಾಗಿ ತಟ್ಟೆಗೆ ಬಿದ್ದವು. ಪದಕ ಕಳಚಿದ ಎದೆ ಸಿಪ್ಪೆ ಸುಲಿದ ಹಾಗೆ ಕಂಡಿತು. ಸೊಂಟದ ಬೆಲ್ಟಿನ ದೊಡ್ಡ ಬಿಲ್ಲೆಯನ್ನು ಅವನೂ ನೋಡಿದ, ನಿರ್ದೇಶಕಿಯೂ ನೋಡಿದಳು. ಅಷ್ಟು ದೊಡ್ಡ ಮನುಷ್ಯನಿಗೆ ಬೆಲ್ಟು ಬಿಚ್ಚಿ ಎನ್ನುವುದು ಹೇಗೆ? ಅವಳು ಅವನ ಮುಖ ನೋಡಿದಳು. ಅವನು ಸೀಲಿಂಗು ನೋಡಿದ. ಎಲ್ಲರೂ ಒಳಗೆ ಹೋದರು.

ನೆಲದ ಮೇಲಿನ ಹಳದಿ ಗೆರೆಯ ಹತ್ತಿರ ಬಂದೊಡನೆ ಸಹಾಯಕರ ಹೆಜ್ಜೆ ತನ್ನಷ್ಟಕ್ಕೆ ಮೆತ್ತಗಾಯಿತು. ಯಾವಾಗಲೂ ಹೀಗೆಯೇ. ಮಗು ಮಲಗಿದ ಮನೆಗೆ ಬಂದವರ ಹಾಗೆ ಜನ ಇಲ್ಲಿ ಪಿಸುಗುಟ್ಟುತ್ತಾರೆ. ಮೊದಮೊದಲು ಅವನಿಗೆ ಸಿಟ್ಟು ಬರುತ್ತಿತ್ತು, ಜೋರಾಗಿ ಮಾತಾಡ್ರಯ್ಯಾ, ಅದಕ್ಕೇನು ಕಿವಿ ಇದೆಯಾ ಎನ್ನುತ್ತಿದ್ದ. ಆಮೇಲಾಮೇಲೆ, ಹೇಳಲು ನಾಚಿಕೆ, ಅವನಿಗೆ ಅದು ಹಿಡಿಸತೊಡಗಿತ್ತು. ಮನೆಯಲ್ಲಿ ಅವನು ಮಾತಾಡುವಾಗ ಯಾರೂ ಟೀವಿಯ ಸದ್ದು ಕೂಡ ತಗ್ಗಿಸುತ್ತಿರಲಿಲ್ಲ.

"ಇದೇನಾ?" ಎಂದ ಸೇನಾಧಿಕಾರಿ.

"ಇದೇ."

"ಇಷ್ಟೇನಾ?"

"ಇಷ್ಟೇ."

"ಇದರಲ್ಲಿ ಒಂದು ಊರು ಹಾರಿಸಬಹುದು ಅಂತಾರೆ."

"ಒಂದು ಸೊಳ್ಳೆ ಓಡಿಸೋದೂ ಕಷ್ಟ," ಎಂದ ಅವನು. ನಿರ್ದೇಶಕಿ ಕೆಮ್ಮಿದಳು. ಅವನಿಗೆ ಹಳೆಯ ಸಿಟ್ಟು ಏರಿತು, ಏರಿದಾಗ ಹಾಯೆನಿಸಿತು, ಸಿಟ್ಟಿನಲ್ಲಿ ಅವನು ಯಾವತ್ತೂ ಪ್ರಾಮಾಣಿಕ. "ಒಂದು ಸಾಸಿವೆ ಕಾಳು ಈ ಮೇಜಿನಿಂದ ಕೆಳಗೆ ಬೀಳುತ್ತೆ ಅಂತ ಇಟ್ಕೊಳ್ಳಿ. ಆ ಪೆಟ್ಟು ಇದೆಯಲ್ಲ, ಇದರಲ್ಲಿರೋದು ಅಷ್ಟೂ ಒಟ್ಟಿಗೆ ಸಿಡಿದ್ರೂ ಅಷ್ಟು ಬರಲ್ಲ. ಬಾಂಬ್ ಮಾಡೋಕೆ ಗ್ರಾಂ ಲೆಕ್ಕದಲ್ಲಿ ಬೇಕು. ಒಂದು ಗ್ರಾಂ ಕೂಡಿಸಬೇಕಾದ್ರೆ ಈ ಯಂತ್ರ ಭೂಮಿಗಿಂತ ಹಳೇದಾಗಬೇಕು. ಮಾಡೋಕೆ ಹಿಡಿಯೋ ಕರೆಂಟೋ, ಒಂದು ಲೋಟ ನೀರು ಎತ್ತೋಕೆ ಕೆರೆ ಬತ್ತಿಸಿದ ಹಾಗೆ. ಅಷ್ಟು ಕರೆಂಟು ಇದ್ರೆ ಬಾಂಬ್ ಯಾಕೆ ಸ್ವಾಮಿ, ಶತ್ರುವಿನ ಮನೆಗೂ ದೀಪ ಹಾಕಿಸಿ ಸ್ನೇಹ ಮಾಡ್ಕೋಬಹುದು."

ಸಹಾಯಕರಲ್ಲಿ ಒಬ್ಬ, ಬಂದ ನಗುವನ್ನು ಮೂಗಿನಲ್ಲೇ ತಡೆದ. ಸೇನಾಧಿಕಾರಿ ನಗಲಿಲ್ಲ. "ಆ ಕಡೆಯವರ ಹತ್ರ ಇದೆಯಂತಲ್ಲ?"

"ಇಲ್ಲ."

"ನಿಮಗೆ ಹೇಗೆ ಗೊತ್ತು?"

"ನಮ್ಮ ಹತ್ರ ಇಲ್ಲವಲ್ಲ. ಅವರ ಹತ್ರ ಇದೆ ಅಂತ ಹೇಳೋರೇ ಅಲ್ಲಿಗೆ ಹೋಗಿ ನಮ್ಮ ಹತ್ರ ಇದೆ ಅಂತಿರ್ತಾರೆ."

"ಕಪ್ಪುಕುಳಿಯ ಗುಂಡು ಅಂತಲೂ ಒಬ್ಬರು ಹೇಳಿದ್ರು. ಕೋವಿಗೆ ಹಾಕಿ ಹೊಡೆಯೋ ಅಂಥದ್ದು."

"ಹೇಳಿದೋರಿಗೇ ಕೊಟ್ಟು ನೋಡಿ. ಮೊದಲು ಕೋವಿ ಹೋಗುತ್ತೆ, ಆಮೇಲೆ ಹಿಡಿದ ಕೈ, ಆಮೇಲೆ ಸಲಹೆ ಕೊಟ್ಟ ತಲೆ."

ಸೇನಾಧಿಕಾರಿ ನಿರ್ದೇಶಕಿಯ ಕಡೆ ತಿರುಗಿ ಮೆಲ್ಲಗೆ, ಮೆಚ್ಚುಗೆಯಿಂದ ಎಂಬಂತೆ ಹೇಳಿದ. "ನಿಜವಾಗಿ ದೊಡ್ಡದನ್ನ ಕೈಯಲ್ಲಿ ಇಟ್ಕೊಂಡೋರು ಹೀಗೇ ಮಾತಾಡೋದು. ನಾನೂ ಸರ್ವಿಸಲ್ಲಿ ನೋಡಿದ್ದೀನಿ." ಅವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಇಷ್ಟು ವರ್ಷ ಸತ್ಯ ಹೇಳಿ ಹೇಳಿ ಗಂಟಲು ಹರಿದಿದೆ, ಒಬ್ಬನೂ ನಂಬಲಿಲ್ಲ. ಒಂದೇ ಒಂದು ವಿಷಯ ಮುಚ್ಚಿಟ್ಟಿದ್ದೇನೆ, ಅದನ್ನು ಒಬ್ಬನೂ ಕೇಳಲಿಲ್ಲ. ಕೆಟಲು ಮೂಲೆಯ ಮೇಜಿನ ಮೇಲೆ ಮೂತಿ ಮೇಲೆತ್ತಿಕೊಂಡು ಕೂತಿತ್ತು.

"ಮೇಷ್ಟ್ರೇ, ಎಣಿಸಿ ತೋರಿಸಿಬಿಡೋಣ," ಎಂದಳು ನಿರ್ದೇಶಕಿ.

ಗುಂಡಿ ಹಸಿರು ಬಣ್ಣದ್ದು, ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು. ಅದರ ಮೇಲೆ ಬೆರಳಿಟ್ಟಾಗ ಅವನಿಗೆ ಎಣಿಸುವ ಯಂತ್ರದ ಪರದೆಯ ಮೇಲೆ ಬರಲಿರುವ ಸೊನ್ನೆಯ ಚಪ್ಪಟೆ ಗೆರೆ ಈಗಲೇ ಕಂಡಿತು. ಆಮೇಲೆ ನಿರ್ದೇಶಕಿಯ ಮುಖ. ಆಮೇಲೆ ಮೈದುನ, ಟ್ಯಾಂಕು ತಟ್ಟುವ ಕೈ. ಹೆಂಡತಿ ಇಸ್ತ್ರಿ ಮಾಡಿದ ಶರ್ಟಿನ ಕಂಕುಳು ಒದ್ದೆಯಾಗಿತ್ತು. ಸೇನಾಧಿಕಾರಿ ಕೊಳವೆಯ ಕಿಟಕಿಯಲ್ಲಿ ಏನಾದರೂ ಕಂಡೀತೆಂದು ಹಳದಿ ಗೆರೆ ದಾಟಿ ಬಗ್ಗಿದ. ಆಗ ಗುಂಡಿಯ ಮೇಲೆ ಬೆರಳಿಟ್ಟವನ ಬಾಯಿ ಅವನನ್ನು ಕೇಳದೆಯೇ ಮಾತಾಡಿತು.

"ಇಲ್ಲಿಯವರೆಗೆ ತೆಗೆದಾಗ ಯಾವತ್ತೂ ಏನೂ ಆಗಿಲ್ಲ ಸ್ವಾಮಿ. ಆದರೆ ಇಷ್ಟೊಂದನ್ನ ಯಾವತ್ತೂ ಕೂಡಿಟ್ಟಿರಲಿಲ್ಲ, ಅಷ್ಟೇ."

ಒಂದೊಂದು ಅಕ್ಷರವೂ ನಿಜ. ಅದೇ ಗಳಿಗೆಯಲ್ಲಿ ಬೆಲ್ಟಿನ ಬಿಲ್ಲೆ ಅಯಸ್ಕಾಂತದ ಎಳೆತಕ್ಕೆ ಸಿಕ್ಕಿ, ಯಾರೋ ಸೊಂಟಕ್ಕೆ ಕೈಹಾಕಿ ಎಳೆದ ಹಾಗೆ ಸೇನಾಧಿಕಾರಿಯನ್ನು ಒಂದು ಗೇಣು ಮುಂದಕ್ಕೆ ಜಗ್ಗಿತು. ಅವನು ಅಮ್ಮಾ ಎಂದ. ಸೇನೆಯ ಅಷ್ಟು ದೊಡ್ಡ ಮನುಷ್ಯ, ಸಣ್ಣ ದನಿಯಲ್ಲಿ, ಅಮ್ಮಾ ಎಂದ. ಸಹಾಯಕರು ರೆಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡರು. "ಬೇಡ!" ಎಂದು ಸೇನಾಧಿಕಾರಿ ಕೈ ಎತ್ತಿದ. "ತೆಗೀಬೇಡಿ. ಯಾರೂ ಅದನ್ನ ಮುಟ್ಟಬೇಡಿ. ಅದು ನನ್ನನ್ನ ಎಳೀತು, ನೋಡಿದ್ರಾ? ಮುಚ್ಚಿದಾಗಲೇ ಹೀಗೆ ಎಳೆಯುತ್ತೆ!"

"ಅದು ಬರೀ ಅಯಸ್ಕಾಂತ, ನಿಮ್ಮ ಬೆಲ್ಟು..." ಎಂದು ಅವನು ಶುರುಮಾಡಿದ.

"ಮೇಷ್ಟ್ರೇ," ಎಂದಳು ನಿರ್ದೇಶಕಿ. ಪಾಠ ಕೇಳುವಾಗ ಅವಳು ಇಷ್ಟು ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಅವನು ಬಾಯಿ ಮುಚ್ಚಿದ. ಮುಚ್ಚಿದ್ದಕ್ಕೆ ಅವಮಾನವಾಯಿತು. ಅವಮಾನದ ಅಡಿಯಲ್ಲಿ, ಪರೀಕ್ಷೆ ಮುಂದೂಡಿದರು ಎಂದು ಕೇಳಿದ ಹುಡುಗನ ಕುಣಿತವೊಂದು ಎದೆಯಲ್ಲಿ ಎದ್ದು, ಅದಕ್ಕೂ ಅವಮಾನವಾಯಿತು.

ಎಲ್ಲರೂ ಹೋದರು. ಕಾರಿಡಾರಿನ ತುದಿಯಲ್ಲಿ ಸೇನಾಧಿಕಾರಿ ಪದಕ ಸಿಕ್ಕಿಸಿಕೊಳ್ಳುತ್ತಾ ನಿರ್ದೇಶಕಿಗೆ ಏನೋ ಹೇಳುತ್ತಿದ್ದ, ಅವಳು ತಲೆ ಆಡಿಸುತ್ತಲೇ ಇದ್ದಳು. ಕೋಣೆಯಲ್ಲಿ ಅವನೂ ಬಾಟ್ಲಿಯೂ ಉಳಿದರು. ಪಂಪು ತನ್ನ ಪಾಡಿಗೆ ತಾನು ಮುಲುಗುತ್ತಿತ್ತು. ಇಳಿಹೊತ್ತಿನ ಬಿಸಿಲು ಕಿಟಕಿಯಿಂದ ಬಂದು ಉಕ್ಕಿನ ಮೇಲೆ ಬಿದ್ದು, ಅಲ್ಲಿಂದ ಜಾರಿ ಕೆಟಲಿನ ಹೊಟ್ಟೆಯ ಮೇಲೆ ಹೊಳೆಯಿತು. ಉಳಿದುಕೊಂಡೆ ಎಂದು ಅವನು ಗಟ್ಟಿಯಾಗಿಯೇ ಹೇಳಿಕೊಂಡ. ದನಿ ತಗಡಿನ ಹಾಗೆ ಕೇಳಿಸಿತು. ಒಬ್ಬ ಮನುಷ್ಯ ಇನ್ನು ಎಷ್ಟು ವರ್ಷ ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಖಾಲಿ ಕೊಳವೆಗೆ ಕಾವಲು ಕೂತು, ಸಂಜೆ ಮನೆಗೆ ಹೋಗಿ ದಣಿವಾಯಿತು ಎನ್ನಬಹುದು? ದೇವರಿಲ್ಲದ ಗುಡಿಗೂ ಗಂಟೆಯಾದರೂ ಇರುತ್ತದೆ. ಸೊನ್ನೆಯಾದರೆ ಸೊನ್ನೆ. ಈಗ ಯಾರೂ ಇಲ್ಲ, ನೋಡುವವನು ತಾನೊಬ್ಬನೇ. ಸೊನ್ನೆಯನ್ನು ಕಣ್ಣಾರೆ ಕಂಡುಬಿಟ್ಟರೆ ನೇರ ಅವಳ ಕೋಣೆಗೆ ಹೋಗಿ, ನೋಡಮ್ಮ, ಕೆಟಲು ಹಾಕಿದ್ದೆ, ಎಲ್ಲ ಹೋಯಿತು, ಬೇಕಾದ್ದು ಮಾಡಿಕೋ ಎಂದುಬಿಡುತ್ತೇನೆ. ಆ ಮಾತನ್ನು ಎರಡು ಸಲ ಬಾಯಲ್ಲೇ ಆಡಿ ನೋಡಿದ. ಚೆನ್ನಾಗಿತ್ತು. ಗಂಡಸಿನ ಮಾತಿನ ಹಾಗಿತ್ತು. ಅವನು ಗುಂಡಿ ಒತ್ತಿದ.

ಚಪ್ಪಟೆ ಗೆರೆ ಹರಿದುಬಂತು, ಬಂತು, ಆಮೇಲೆ ಯಾರೋ ಹೊದಿಕೆ ಕಿತ್ತೆಸೆದು ಎದ್ದ ಹಾಗೆ ನೆಟ್ಟಗೆ ಮೇಲೆದ್ದಿತು. ಪರದೆಯ ನೆತ್ತಿ ಮುಟ್ಟಿತು. ಪರದೆ ತಾನೇ ಅಳತೆ ಬದಲಿಸಿಕೊಂಡು ಮತ್ತೆ ಬರೆಯಿತು, ಗೆರೆ ಅದರ ನೆತ್ತಿಯನ್ನೂ ಮುಟ್ಟಿತು. ಸದ್ದಿಲ್ಲ, ಬೆಳಕಿಲ್ಲ, ಕೋಣೆಯಲ್ಲಿ ಸಾಸಿವೆ ಕಾಳು ಬಿದ್ದಷ್ಟೂ ಆಗಲಿಲ್ಲ. ಇದ್ದವು. ಅವನು ಅಂದಾಜು ಮಾಡಿದ್ದಕ್ಕಿಂತ ಹೆಚ್ಚಾಗಿಯೇ ಇದ್ದವು. ಮುಳ್ಳು ಬಿದ್ದಿರಲಿಲ್ಲ, ಅವನೇ ಕಣ್ಣು ಮಿಟುಕಿಸಿದ್ದ. ಕೆಟಲಿನ ಮಧ್ಯಾಹ್ನದಿಂದ ಈ ಗಳಿಗೆಯವರೆಗೆ, ಹಲ್ಲುಜ್ಜುವಾಗ, ಸಿಗ್ನಲ್ಲಿನಲ್ಲಿ, ಚಪ್ಪಾಳೆಯ ನಡುವೆ, ಅವನು ಪ್ರಾಮಾಣಿಕನಾಗಿಯೇ ಇದ್ದ. ಹತ್ತಿತ್ತು ಕಣೆ ಎಂದು ಅಪ್ಪ ಎಲ್ಲಿಂದಲೋ ಹೇಳಿದ ಹಾಗಾಯಿತು. ಅವನು ಕುರ್ಚಿಗೆ ಕುಸಿದು, ಹೊಟ್ಟೆ ಹಿಡಿದುಕೊಂಡು, ಅಳುವೋ ನಗುವೋ ತನಗೇ ಗೊತ್ತಾಗದ ಹಾಗೆ ಕುಲುಕಿದ. ಬಾಟ್ಲಿ ಈಗ ನಿಜವಾಗಿ ಖಾಲಿ. ಮತ್ತೆ ತುಂಬಿಸೋಣವೆಂದರೆ ಪ್ರತಿದ್ರವ್ಯವನ್ನು ಹುಟ್ಟಿಸುವ ವಿಕಿರಣದ ಬಿಲ್ಲೆ ಸವೆದು ಹೋಗಿತ್ತು, ಹೊಸದು ಬರಬೇಕು, ಬಂದಮೇಲೂ ತಿಂಗಳುಗಟ್ಟಲೆ ತೊಟ್ಟುತೊಟ್ಟಾಗಿ ಕೂಡಿಸಬೇಕು. ಪರದೆಯ ಮೇಲಿನ ಆ ಗೆರೆಯೊಂದೇ ಅವನ ಸಾಚಾತನಕ್ಕೆ ಸಾಕ್ಷಿ. ಅದನ್ನು ಯಾರಿಗೆ ತೋರಿಸಿದರೂ, ಮುಟ್ಟಬೇಡಿ ಎಂದದ್ದನ್ನು ಮುಟ್ಟಿದ್ದೂ ಅದರಲ್ಲೇ ಕಾಣುತ್ತದೆ.

ಫೋನು ಬಡಿದುಕೊಂಡಿತು. "ಮೇಷ್ಟ್ರೇ!" ನಿರ್ದೇಶಕಿಯ ದನಿ ಹುಡುಗಿಯಂತಾಗಿತ್ತು. "ಬದುಕಿದ್ವಿ. ನಾಳೆ ಮಂತ್ರಿಗಳೇ ನೋಡೋಕೆ ಬರ್ತಾರಂತೆ. ಇವತ್ತಿಂದಲೇ ಬಾಗಿಲಿಗೆ ಕಾವಲು ಹಾಕ್ತಾರೆ, ಅವರು ಬರೋವರೆಗೂ ನೀವು ಅಲ್ಲೇ ಇರಿ. ಮತ್ತೆ ದಯವಿಟ್ಟು, ಆ ಸಾಸಿವೆ ಕತೆ ನಾಳೆ ಬೇಡ. ಏನು, ಕೇಳಿಸ್ತಾ ಇದೆಯಾ?"

"ಒಂದು ವಿಷಯ ಇದೆಯಮ್ಮ," ಎಂದ ಅವನು.

"ನಾಳೆ ಹೇಳಿ, ಮೇಷ್ಟ್ರೇ. ನೀವು ಇವತ್ತು ಹೇಳಿದ್ದೇ ಸಾಕು. ಎಷ್ಟು ಚೆನ್ನಾಗಿ ಹೇಳಿದ್ರಿ!" ಫೋನು ಇಟ್ಟಳು. ಬಾಯಲ್ಲಿ ಸಿದ್ಧವಾಗಿದ್ದ ಗಂಡಸಿನ ಮಾತು ಅಲ್ಲೇ ಕರಗಿ, ಸಕ್ಕರೆ ಇಲ್ಲದ ಚಹಾದ ಹಾಗೆ ಒಗರಾಯಿತು.

ಕಾವಲಿನ ಸೈನಿಕ ಬಂದ. ಎತ್ತರದ ಆಳು, ಬಂದೂಕನ್ನು ಹೊರಗೇ ಒರಗಿಸಿ, ಬೆಲ್ಟು ಕೂಡ ಬಿಚ್ಚಿಟ್ಟು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ತುದಿಗಾಲಲ್ಲಿ ಒಳಗೆ ಬಂದು ಹಳದಿ ಗೆರೆಯಿಂದ ಬಹಳ ದೂರ ನಿಂತ. ಸುದ್ದಿ ಆಗಲೇ ಅವನವರೆಗೆ ಹೋಗಿತ್ತು.

"ಸಾರ್," ಎಂದು ಪಿಸುಗುಟ್ಟಿದ. "ಸಿಡಿಯುತ್ತಾ?"

"ಸಿಡಿಯಲ್ಲಪ್ಪ."

"ನಿಜ ಹೇಳಿ ಸಾರ್, ಮನೇಲಿ ಮಕ್ಕಳಿದ್ದಾರೆ."

"ನಿಜವಾಗ್ಲೂ ಕಣಯ್ಯ. ಅದರಲ್ಲಿ ಏನೂ ಇಲ್ಲ. ಖಾಲಿ."

ಸೈನಿಕ ಅವನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ, ಎಲ್ಲ ತಿಳಿದವನ ಹಾಗೆ ತಲೆ ಆಡಿಸಿ, ಪ್ಯಾಂಟು ಬಿಗಿಯಾಗಿ ಹಿಡಿದುಕೊಂಡು ಇನ್ನೆರಡು ಹೆಜ್ಜೆ ಹಿಂದಕ್ಕೆ ಹೋದ.

ಅವನು ಎದ್ದ. ಮೂಲೆಯ ಪ್ಲಗ್ಗಿನಲ್ಲಿ ಇವತ್ತೂ ಕರೆಂಟಿರಲಿಲ್ಲ. ಕೆಟಲಿಗೆ ಇಬ್ಬರಿಗಾಗುವಷ್ಟು ನೀರು ತುಂಬಿ, ತಾನೇ ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿದ್ದ ಚೀಟಿಯನ್ನು ಬೆರಳಿನಿಂದ ಸ್ವಲ್ಪ ಮೇಲೆತ್ತಿ, ತಂತಿಯನ್ನು ಯುಪಿಎಸ್‌ಗೆ ಸಿಕ್ಕಿಸಿದ. ನೀರು ಗುಂಯ್‌ಗುಡತೊಡಗಿತು. ಮೀಟರಿನ ಮುಳ್ಳಿನ ಕಡೆಗೆ ಅವನು ಕಣ್ಣು ಹಾಯಿಸಲೇ ಇಲ್ಲ. "ಸಕ್ಕರೆ ಎಷ್ಟಪ್ಪಾ?" ಎಂದು ಸೈನಿಕನನ್ನು ಕೇಳಿದ, ಮಗು ಮಲಗಿದ ಮನೆಯಲ್ಲಿ ಕೇಳುವ ಹಾಗೆ, ಪಿಸುದನಿಯಲ್ಲಿ.